ಬಾಯಿಮಾತಿನ ಮೇಲೆ ಮನೆ ನಿಲ್ಲದು

ದೀಪಾವಳಿ ಕಳೆದು ಮಳೆ ಪೂರ್ತಿ ಹಿಂದೆ ಸರಿಯಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಗಳಲ್ಲಿ ಮನೆ ರಿಪೇರಿಯ ಕಾಲ ಬಂತೆಂದೇ ಲೆಕ್ಕ. ಅಲ್ಲಿಂದ ಪತ್ತನಾಜೆಯ ತನಕ ಆರೇಳು ತಿಂಗಳು. ಆಟದ ಮೇಳಗಳು ಗೆಜ್ಜೆ ಬಿಚ್ಚುವುದರೊಳಗೆ ಮಾಡಿಗೆ ಹಂಚು ಹೊದಿಸಿ ಆಗಬೇಕು, ಬಿರುಕು ಬಿಟ್ಟ ಗೋಡೆಗೆ ಸಾರಣೆ ಆಗಬೇಕು, ಸೋರುವ ತಾರಸಿ ಸರಿಯಾಗಬೇಕು. ಆಗದಿದ್ದರೆ? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ, ಆಗದಿದ್ದರೆ ಏನಾಗುತ್ತದೆಂದು ಓದುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಈ ಆರೇಳು ತಿಂಗಳಲ್ಲಿ ಬೀಡಿ ಕಟ್ಟುವವರ, ಗೇರುಬೀಜ ಕಾರ್ಖಾನೆಗೆ ಹೋಗುವವರ, ಸಣ್ಣ ಅಂಗಡಿ ಇಟ್ಟವರ ಕೈಯಿಂದ ಕಂತ್ರಾಟುದಾರರ ಕೈಗೆ ಹೋಗುವ ಹಣವೆಷ್ಟು? ಅದನ್ನು ಲೆಕ್ಕ ಹಾಕಿದವರಿಲ್ಲ. ಹಾಕೋಣವೆಂದರೆ ಕಾಗದವೇ ಇಲ್ಲ. ಲಕ್ಷ, ಎರಡು ಲಕ್ಷ, ಐದು ಲಕ್ಷ ರೂಪಾಯಿಯ ವ್ಯವಹಾರ ಜಗಲಿಯಲ್ಲಿ ನಿಂತು, ಒಂದು ಲೋಟ ಚಾ ಕುಡಿಯುವುದರೊಳಗೆ ಮುಗಿಯುತ್ತದೆ. ಕೊಟ್ಟವನಲ್ಲಿ ರಶೀದಿ ಇಲ್ಲ, ತೆಗೆದುಕೊಂಡವನಲ್ಲಿ ಕರಾರು ಇಲ್ಲ. ಜಗಳ ಬಂದ ದಿನ ಇಬ್ಬರ ಬಾಯಿಯಲ್ಲೂ ಒಂದೇ ಮಾತು: "ಅಂದು ಹಾಗೆ ಹೇಳಿದ್ದಲ್ಲ."

ಈ ಬಾಯಿಮಾತಿನ ವ್ಯವಹಾರಕ್ಕೆ ಕೊನೆ ಹಾಡಬೇಕು ಎಂಬುದೇ ಈ ಲೇಖನದ ವಾದ.

ಮೂರು ಊರು, ಮೂರು ಕಥೆ

ಬಂಟ್ವಾಳ ತಾಲೂಕಿನ ಒಂದು ಗ್ರಾಮದಿಂದ ಒಬ್ಬ ತಾಯಿ ನಮ್ಮ ಕಚೇರಿಗೆ ಬಂದರು. ಮೂವತ್ತು ವರ್ಷ ಬೀಡಿ ಕಟ್ಟಿದ ಕೈ. ಮನೆಯ ಪಕ್ಕಾಸು ಗೆದ್ದಲು ಹಿಡಿದು ಮಾಡು ಬಾಗಿತ್ತು. ಕೊರಳ ಸರವನ್ನು ಸಹಕಾರಿ ಸಂಘದಲ್ಲಿ ಅಡವಿಟ್ಟು, ಸ್ವಸಹಾಯ ಸಂಘದಿಂದ ಸಾಲ ಎತ್ತಿ, 1,50,000 ರೂಪಾಯಿ ಮುಂಗಡ ಕೊಟ್ಟರು. ಒಟ್ಟು ಮಾತಾದದ್ದು 2,80,000. ಕಂತ್ರಾಟುದಾರ ಬಂದು ಹಂಚು ಇಳಿಸಿದ, ಹಳೆಯ ಮರ ತೆಗೆದ, ಅರ್ಧ ಪಕ್ಕಾಸು ಕೂರಿಸಿದ. ಅಷ್ಟರಲ್ಲಿ ಪೇಟೆಯಲ್ಲಿ ದೊಡ್ಡ ಕೆಲಸವೊಂದು ಸಿಕ್ಕಿತು. "ಅಕ್ಕಾ, ಹೆದರಬೇಡಿ, ನಾಡಿದ್ದು ಬರುತ್ತೇನೆ" ಎಂದು ಹೋದವನ ನಾಡಿದ್ದು ಜೂನ್ ತಿಂಗಳವರೆಗೂ ಬರಲಿಲ್ಲ. ಆ ಮಳೆಗಾಲವನ್ನು ಅವರು ಟಾರ್ಪಾಲಿನ ಅಡಿಯಲ್ಲಿ ಕಳೆದರು. ಕೇಳಿದರೆ ಅವನ ಉತ್ತರ: "ಒಪ್ಪಿದ್ದು ಮರದ ಕೆಲಸ ಮಾತ್ರ. ಹಂಚು ಹೊದಿಸುವುದು ಬೇರೆ." ಠಾಣೆಗೆ ಹೋದರೆ, ಇದು ಸಿವಿಲ್ ವ್ಯಾಜ್ಯ ಎಂಬ ಮಾತು. ಸರ ಈಗಲೂ ಅಡವಿನಲ್ಲಿದೆ, ಬಡ್ಡಿ ಬೆಳೆಯುತ್ತಿದೆ.

ಬೆಳ್ತಂಗಡಿ ತಾಲೂಕಿನ ಒಬ್ಬ ದಿನಸಿ ಅಂಗಡಿಯವರ ಕಥೆ ಬೇರೆ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಆ ತಾಲೂಕು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಅಂಗಡಿಯ ಹಿಂಬದಿಯ ಗೋಡೆ ಕುಸಿದಿತ್ತು. ಹೊಸ ಗೋಡೆಗೆ 1,10,000 ಎಂದು ಮಾತಾಯಿತು. ಗೋಡೆ ಎದ್ದಿತು. ಅದರ ಜೊತೆಗೆ ಲೆಕ್ಕವೂ ಎದ್ದಿತು. ಪಾಯ ಆಳ ತೆಗೆಯಬೇಕಾಯಿತು, ಮುರಕಲ್ಲು ಹೆಚ್ಚು ಹೋಯಿತು, ಬಾಗಿಲು ದೊಡ್ಡದಾಯಿತು ಎಂದು ಕೊನೆಗೆ 1,85,000 ಕೊಡಬೇಕೆಂದ. ಯಾವುದು ಮೊದಲಿನ ಮಾತಿನಲ್ಲಿತ್ತು, ಯಾವುದು ಹೆಚ್ಚುವರಿ? ಹೇಳಲು ಒಂದು ಚೀಟಿಯೂ ಇರಲಿಲ್ಲ. ಅಂಗಡಿ ಮುಚ್ಚಿ ಜಗಳವಾಡುವ ಶಕ್ತಿಯಿಲ್ಲದೆ ಅವರು ಕೇಳಿದ್ದನ್ನು ಕೊಟ್ಟರು.

ಮೂರನೆಯದು ಮೂಡುಬಿದಿರೆಯದು. ದೂರು ತಂದವನು ಮನೆಯ ಯಜಮಾನನಲ್ಲ, ಕಲ್ಲು ಕಟ್ಟುವ ಮೇಸ್ತ್ರಿ. ನಾಲ್ಕು ಜನರನ್ನು ಕಟ್ಟಿಕೊಂಡು ಹನ್ನೊಂದು ದಿನ ದುಡಿದಿದ್ದ. ಕಂತ್ರಾಟುದಾರನಲ್ಲಿ ಕೂಲಿ ಕೇಳಿದರೆ "ಮನೆಯವರು ಕೊಡಲಿಲ್ಲ" ಎಂದ. ಮನೆಯವರಲ್ಲಿ ಕೇಳಿದರೆ "ನಾವು ಪೂರ್ತಿ ಕೊಟ್ಟಾಗಿದೆ" ಎಂದರು. ಇಬ್ಬರಲ್ಲಿ ಸುಳ್ಳು ಹೇಳಿದವರು ಯಾರು? ದೇವರಿಗೇ ಗೊತ್ತು. ಐದು ಮನೆಗಳ ಒಲೆಗೆ ಬರಬೇಕಾಗಿದ್ದ ಅಕ್ಕಿ ಮಾತ್ರ ಬರಲಿಲ್ಲ.

ನಮ್ಮದೂ ಒಂದಿದೆ. ನಾವು ಶಾಲೆಯಲ್ಲಿ ಮಾಸ್ಟ್ರಾಗಿದ್ದ ಕಾಲದಲ್ಲಿ ಅಡುಗೆ ಕೋಣೆಯ ಮಾಡು ಸರಿ ಮಾಡಿಸಲು 40,000 ರೂಪಾಯಿ ಮುಂಗಡ ಕೊಟ್ಟೆವು. ಕಾಗದ ಕೇಳಲು ನಾಚಿಕೆಯಾಯಿತು. ಪರಿಚಯದವನು, ಏನೆಂದುಕೊಂಡಾನೋ ಎಂದು ಸುಮ್ಮನಾದೆವು. ಅರ್ಧ ಹಣ ನೀರಿನಲ್ಲಿ ಹೋಯಿತು. ದಿನವೂ ಮಕ್ಕಳಿಂದ ಕಾಪಿ ಬರೆಸುತ್ತಿದ್ದ ಮಾಸ್ಟ್ರಿಗೆ ತನ್ನ ಮನೆಯ ವಿಷಯದಲ್ಲಿ ನಾಲ್ಕು ಸಾಲು ಬರೆಸಿಕೊಳ್ಳುವ ಧೈರ್ಯವಿರಲಿಲ್ಲ. ಆದ್ದರಿಂದ ಈ ವಿಷಯದಲ್ಲಿ ನಾವು ಯಾರನ್ನೂ ಮೇಲಿನಿಂದ ನೋಡಿ ಬರೆಯುತ್ತಿಲ್ಲ.

ಕಾನೂನು ಯಾರ ಕಾಗದ ಕೇಳುತ್ತದೆ?

ಈಗ ಕಾನೂನಿನ ವಿಷಯ. ನಮ್ಮಲ್ಲಿ ಕರಾರುಗಳಿಗೆ ಮೂಲ 1872ರ ಭಾರತೀಯ ಕರಾರು ಕಾಯಿದೆ. ಇಬ್ಬರು ಮನಸ್ಸಾರೆ ಒಪ್ಪಿ, ನ್ಯಾಯವಾದ ಕೆಲಸಕ್ಕೆ ನ್ಯಾಯವಾದ ಪ್ರತಿಫಲ ಗೊತ್ತು ಮಾಡಿಕೊಂಡರೆ ಅದು ಕರಾರು. ಬರೆದಿರಲೇಬೇಕೆಂದಿಲ್ಲ. ಮನೆ ರಿಪೇರಿಗೆ ಲಿಖಿತ ಕರಾರು ಕಡ್ಡಾಯವೆನ್ನುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಅಂದರೆ ಆ ತಾಯಿಯ ಬಾಯಿಮಾತಿನ ಕರಾರೂ ಕಾನೂನಿನ ಕಣ್ಣಿನಲ್ಲಿ ಕರಾರೇ. ಮುರಿದವನಿಂದ ನಷ್ಟ ವಸೂಲು ಮಾಡುವ ಹಕ್ಕು 73ನೇ ಕಲಮಿನಲ್ಲಿದೆ. ಹಕ್ಕು ಇದೆ, ರುಜುವಾತು ಇಲ್ಲ! ರುಜುವಾತಿಲ್ಲದ ಹಕ್ಕೆಂದರೆ ಹಂಚಿಲ್ಲದ ಮಾಡು.

ಹಾಗಾದರೆ ಕಾನೂನು ಯಾವಾಗಲೂ ಬಾಯಿಮಾತಿನಲ್ಲಿ ತೃಪ್ತಿಪಡುತ್ತದೆಯೇ? ಖಂಡಿತ ಇಲ್ಲ. ಸರಕಾರ ತನಗಾಗಿ ಏನು ಮಾಡಿಕೊಂಡಿದೆ ನೋಡಿ. ಸಂವಿಧಾನದ 299ನೇ ವಿಧಿಯ ಪ್ರಕಾರ ಸರಕಾರದ ಕರಾರು ರಾಷ್ಟ್ರಪತಿಯ ಅಥವಾ ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರವಿದ್ದವರ ಸಹಿಯೊಂದಿಗೆ, ಕ್ರಮಬದ್ಧವಾಗಿ ಆಗಬೇಕು. ಹತ್ತಡಿಯ ಮೋರಿ ಕಟ್ಟಿಸುವಾಗಲೂ ಲೋಕೋಪಯೋಗಿ ಇಲಾಖೆಗೆ ಅಂದಾಜು ಪಟ್ಟಿ ಬೇಕು, ದರಪಟ್ಟಿ ಬೇಕು, ಕರಾರು ಬೇಕು, ಅಳತೆ ಪುಸ್ತಕ ಬೇಕು, ಕಂತ್ರಾಟುದಾರನ ಠೇವಣಿ ಬೇಕು. ಸರಕಾರಿ ಕೆಲಸ ಹಿಡಿಯುವವನು ದರ್ಜೆಯ ಪ್ರಕಾರ ನೋಂದಣಿ ಮಾಡಿಸಿಕೊಳ್ಳಬೇಕು. ಬಡವನ ಮನೆಯ ಮಾಡು ಬಿಚ್ಚಲು ಯಾವ ನೋಂದಣಿಯೂ ಬೇಡ, ಒಂದು ಏಣಿ ಇದ್ದರೆ ಸಾಕು.

ಪಟ್ಟಣದ ಫ್ಲ್ಯಾಟು ಕೊಳ್ಳುವವರಿಗೆ ಏನಾಗಿದೆ? ಪಾರ್ಲಿಮೆಂಟು 2016ರಲ್ಲಿ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆ ಮಾಡಿತು. ಅದರ 13ನೇ ಕಲಮಿನ ಪ್ರಕಾರ ಕಟ್ಟಡ ಮಾರುವವನು ಮೊದಲು ಲಿಖಿತ ಕರಾರು ಮಾಡಿ, ಅದನ್ನು ನೋಂದಾಯಿಸದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಮುಟ್ಟುವಂತಿಲ್ಲ. 14ನೇ ಕಲಮಿನ ಪ್ರಕಾರ ಸ್ವಾಧೀನ ಕೊಟ್ಟ ಮೇಲೆ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡು ತಿಳಿಸಿದರೆ, 30 ದಿನದೊಳಗೆ ಬಿಟ್ಟಿಯಾಗಿ ಸರಿಮಾಡಿ ಕೊಡಬೇಕು. ಒಳ್ಳೆಯ ಕಾನೂನು. ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಅದೇ ಕಾಯಿದೆಯ 3ನೇ ಕಲಮನ್ನು ಓದಿ: ಮಾರಾಟದ ಉದ್ದೇಶವಿಲ್ಲದ ನವೀಕರಣ, ದುರಸ್ತಿ ಕೆಲಸಗಳಿಗೆ ನೋಂದಣಿ ಬೇಡವೆಂದು ಅಲ್ಲಿ ಬಿಟ್ಟುಕೊಟ್ಟಿದೆ. ಹೊಸ ಮಹಡಿ ಕೊಳ್ಳುವವನಿಗೆ ಕಾನೂನಿನ ಕೊಡೆ ಸಿಕ್ಕಿತು. ಹಳೆಯ ಮಾಡು ಸರಿಮಾಡಿಸುವವನು ಇನ್ನೂ ಮಳೆಯಲ್ಲೇ ನಿಂತಿದ್ದಾನೆ.

ಸರಕಾರದ ಮನೆ ಯೋಜನೆಗಳಲ್ಲಿ ಕೂಡ ಹಣ ಕೊಡುವ ಕ್ರಮವನ್ನು ನೋಡಿ. ಪಾಯವಾದ ಮೇಲೆ ಇಷ್ಟು, ಗೋಡೆ ಎದ್ದ ಮೇಲೆ ಇಷ್ಟು, ಮಾಡಾದ ಮೇಲೆ ಇಷ್ಟು, ಪೂರ್ತಿಯಾದ ಮೇಲೆ ಉಳಿದದ್ದು. ಪ್ರತಿ ಹಂತಕ್ಕೂ ಫೋಟೋ ಬೇಕು. ಫಲಾನುಭವಿಯನ್ನು ನಂಬಿ ಪೂರ್ತಿ ಹಣವನ್ನು ಒಮ್ಮೆಗೇ ಕೊಡಲು ಸರಕಾರ ತಯಾರಿಲ್ಲ. ಸರಕಾರಕ್ಕೆ ತಿಳಿದ ಈ ಬುದ್ಧಿಯನ್ನು ನಾವು ಯಾಕೆ ಕಲಿಯಬಾರದು?

ಕಾಗದದ ಬೆಲೆ ಈ ಜಿಲ್ಲೆಗೆ ಗೊತ್ತಿಲ್ಲವೇ?

"ನಮ್ಮ ಊರಿನಲ್ಲಿ ಎಲ್ಲ ನಂಬಿಕೆಯ ಮೇಲೆ ನಡೆಯುವುದು, ಕಾಗದದ ಅಭ್ಯಾಸ ನಮಗಿಲ್ಲ" ಎಂದು ಕೆಲವರು ಹೇಳುತ್ತಾರೆ. ಇದು ಇತಿಹಾಸ ಮರೆತವರ ಮಾತು. ಮೂಲಗೇಣಿಯವನಿಗೂ ಚಾಲಗೇಣಿಯವನಿಗೂ ವ್ಯತ್ಯಾಸ ಏನಿತ್ತೆಂದು ಮನೆಯ ಹಿರಿಯರಲ್ಲಿ ಕೇಳಿ. ಮೂಲಗೇಣಿಯವನ ಕೈಯಲ್ಲಿ ಪತ್ರ ಇತ್ತು, ಅವನನ್ನು ಎಬ್ಬಿಸುವುದು ಸುಲಭವಿರಲಿಲ್ಲ. ಚಾಲಗೇಣಿಯವರಲ್ಲಿ ಹೆಚ್ಚಿನವರಿಗೆ ಧಣಿಯ ಬಾಯಿಮಾತೇ ಆಧಾರ. ಧಣಿಯ ಮನಸ್ಸು ತಿರುಗಿತೆಂದರೆ ಗದ್ದೆಯೂ ಹೋಯಿತು, ಬಿಡಾರವೂ ಹೋಯಿತು.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದು ಗೇಣಿದಾರರು ಡಿಕ್ಲರೇಶನ್ ಕೊಡಲು ಹೊರಟಾಗ ಭೂನ್ಯಾಯ ಮಂಡಳಿಯ ಮುಂದೆ ಕೇಳಿದ್ದೇನು? "ನೀನು ಗೇಣಿ ಕೊಟ್ಟದ್ದಕ್ಕೆ ಏನು ಆಧಾರ?" ಗೇಣಿ ಚೀಟಿಯನ್ನು ಹಾಳೆಯ ಕಟ್ಟಿನಲ್ಲಿ ಸುತ್ತಿ ಅಟ್ಟದಲ್ಲಿ ಇಟ್ಟಿದ್ದವನು ಎದೆ ಸೆಟೆಸಿ ನಿಂತ. ಚೀಟಿ ಇಲ್ಲದವನು ನೆರೆಕರೆಯವರ ಸಾಕ್ಷಿ ಹುಡುಕಿಕೊಂಡು ಅಲೆದ. ಧಣಿಯ ಎದುರು ಸಾಕ್ಷಿ ಹೇಳುವ ಧೈರ್ಯ ಎಷ್ಟು ಜನರಿಗಿತ್ತು?

ಬೀಡಿ ಕೆಲಸದಲ್ಲಿಯೂ ಅದೇ ಪಾಠ. ಮನೆಯಲ್ಲಿ ಕೂತು ಕಟ್ಟುವವಳು ಯಾವ ಕಂಪೆನಿಯ ಕೆಲಸಗಾರಳೆಂದು ಹೇಳಲು ಒಂದು ಕಾಲದಲ್ಲಿ ಆಧಾರವೇ ಇರಲಿಲ್ಲ. ಕಂಪೆನಿಯವರು ಮಧ್ಯಸ್ಥನ ಕಡೆಗೆ ಬೆರಳು ತೋರಿಸುತ್ತಿದ್ದರು, ಮಧ್ಯಸ್ಥ ಕಂಪೆನಿಯ ಕಡೆಗೆ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂದು, ಸಂಘಗಳು ಹೋರಾಡಿ, ಎಲೆ ಹೊಗೆಸೊಪ್ಪಿನ ಲೆಕ್ಕ ಬರೆಯುವ ಪುಸ್ತಕ ಅವಳ ಕೈಗೆ ಬಂದ ಮೇಲೆಯೇ ಭವಿಷ್ಯನಿಧಿ ಕೇಳುವ ಬಾಯಿ ಅವಳಿಗೆ ಬಂತು. ಹಾಗಾದರೆ ನಮ್ಮ ಜನರಿಗೆ ಕಾಗದದ ಬೆಲೆ ಗೊತ್ತಿಲ್ಲವೆಂದು ಹೇಳುವವರು ಯಾರು? ಹಕ್ಕಿಗಾಗಿ ಹೋರಾಡಿದ ಪ್ರತಿ ಸಲವೂ ನಾವು ಕಾಗದಕ್ಕಾಗಿಯೂ ಹೋರಾಡಿದ್ದೇವೆ.

ಎದುರು ವಾದಗಳಿಗೆ ಉತ್ತರ

ಮೊದಲನೆಯ ವಾದ ನಂಬಿಕೆಯದು. "ಕಾಗದ ಕೇಳುವುದೆಂದರೆ ಮನುಷ್ಯನನ್ನು ನಂಬದ ಹಾಗೆ" ಎನ್ನುತ್ತಾರೆ. ಸರಿ. ಈ ಮಾತು ಹೇಳುವವರು ಸಾಲ ಕೊಡುವಾಗ ಏನು ಮಾಡುತ್ತಾರೆ? ಆ ತಾಯಿ ಸಾಲ ಎತ್ತಿದಾಗ ಎಷ್ಟು ಕಡೆ ಸಹಿ ಹಾಕಿಸಿಕೊಂಡರು, ಎಷ್ಟು ಜಾಮೀನು ಕೇಳಿದರು? ಅಲ್ಲಿ ಯಾರೂ ನಂಬಿಕೆಯ ಮಾತೆತ್ತಲಿಲ್ಲ. ಬಡವನಿಂದ ವಸೂಲು ಮಾಡುವಾಗ ಕಾಗದ, ಬಡವನಿಗೆ ಮಾಡಿಕೊಡಬೇಕಾದಾಗ ಬಾಯಿಮಾತು! ಇಂಥ ಒಂದು ಬದಿಯ ನಂಬಿಕೆಗೆ ನಂಬಿಕೆಯೆಂದು ಹೆಸರಿಡುವುದೇ ಮೋಸ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನಿಜವಾಗಿ ನಂಬಿಕೆ ಇದ್ದವನಿಗೆ ಆಡಿದ ಮಾತನ್ನು ಬರೆದು ಕೊಡಲು ಹೆದರಿಕೆ ಏಕೆ?

ಎರಡನೆಯ ವಾದ: "ಸಣ್ಣ ಮೇಸ್ತ್ರಿಗಳಿಗೆ ಇದು ಭಾರ. ಅವರಿಗೆ ಕಾನೂನು ಗೊತ್ತಿಲ್ಲ." ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಕಲ್ಲು ಕಟ್ಟುವವರು ನಮ್ಮವರೇ. ಆದರೆ ಮೂಡುಬಿದಿರೆಯ ಮೇಸ್ತ್ರಿಯನ್ನು ನೆನಪಿಸಿಕೊಳ್ಳಿ. ಕಾಗದ ಇದ್ದಿದ್ದರೆ ಕೂಲಿ ಯಾರು ಕೊಡಬೇಕು, ಯಾವ ದಿನ ಕೊಡಬೇಕು ಎಂಬುದು ಅದರಲ್ಲಿರುತ್ತಿತ್ತು. ಮನೆಯವರು ಸತಾಯಿಸಿದರೆ ಕೇಳಲು ಅವನಿಗೂ ಅದೇ ಆಧಾರ. ಮುರಕಲ್ಲಿನ ಬೆಲೆ ಏರಿದರೆ ಯಾರು ಹೊರಬೇಕು ಎಂಬ ಜಗಳವೂ ಇರದು. ಪ್ರಾಮಾಣಿಕ ಮೇಸ್ತ್ರಿಗೆ ಕಾಗದ ಭಾರವಲ್ಲ, ಬೆನ್ನಿಗೆ ಆಸರೆ. ಅದರಿಂದ ಕಷ್ಟವಾಗುವುದು ಐದು ಕಡೆ ಮುಂಗಡ ಎತ್ತಿ, ಒಬ್ಬರ ಹಣದಲ್ಲಿ ಇನ್ನೊಬ್ಬರ ಕೆಲಸ ಮಾಡಿಸುವ ಮಧ್ಯದ ದಲ್ಲಾಳಿಗೆ. ಅವನಿಗೆ ಕಷ್ಟವಾಗಲಿ.

ಮೂರನೆಯ ವಾದ: "ಇಂಥ ಕಾನೂನು ಮಾಡಿದರೂ ನಡೆಯದು." ಬೇರೆ ಕಡೆ ನಡೆದಿದೆಯಲ್ಲ! ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮನೆ ರಿಪೇರಿಯ ಕರಾರು ಬರಹದಲ್ಲಿರಬೇಕು. ಮುಂಗಡ ಒಟ್ಟು ಮೊತ್ತದ ಹತ್ತರಲ್ಲೊಂದು ಪಾಲು ಅಥವಾ 1,000 ಡಾಲರು, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಆಮೇಲಿನ ಹಣವೂ ಆದ ಕೆಲಸಕ್ಕಿಂತ ಮುಂದೆ ಓಡಬಾರದು. ಅಮೆರಿಕವೆಂದರೆ ಬಂಡವಾಳಗಾರರ ರಾಜ್ಯ, ಸಮಾಜವಾದಿಗಳು ಆಳುವ ನಾಡಲ್ಲ. ವ್ಯಾಪಾರವೇ ಧರ್ಮವೆನ್ನುವ ಆ ದೇಶದಲ್ಲೇ ಮನೆ ರಿಪೇರಿಯವನಿಗೆ ಲಗಾಮು ಬೇಕೆಂದು ಕಂಡಿತು. ಸಂವಿಧಾನದ ಪೀಠಿಕೆಯಲ್ಲಿ ಸಮಾಜವಾದಿ ಎಂದು ಬರೆದುಕೊಂಡ ನಮಗೆ ಕಾಣಲಿಲ್ಲ!

ನಾಲ್ಕನೆಯದು ನಮ್ಮ ಸಂಗಾತಿಗಳಲ್ಲೇ ಕೆಲವರ ವಾದ: "ಕೂಲಿ, ಬೋನಸ್ಸು, ಭೂಮಿ, ಇಷ್ಟೆಲ್ಲ ದೊಡ್ಡ ಪ್ರಶ್ನೆಗಳಿರುವಾಗ ಮಾಡು ಸೋರುವ ವಿಷಯ ಪಕ್ಷದ ಪತ್ರಿಕೆಗೆ ಯಾಕೆ?" ಅವರಿಗೆ ನಮ್ಮ ಉತ್ತರ ಇಷ್ಟೇ. ಹೋರಾಡಿ ಗಳಿಸಿದ ಬೋನಸ್ಸು ಕೊನೆಗೆ ಎಲ್ಲಿಗೆ ಹೋಗುತ್ತದೆ? ಭವಿಷ್ಯನಿಧಿಯ ಹಣವನ್ನು ಜನ ಯಾವುದಕ್ಕೆ ತೆಗೆಯುತ್ತಾರೆ? ಮಗಳ ಮದುವೆಗೆ, ಇಲ್ಲವೇ ಮನೆಯ ಮಾಡಿಗೆ. ಕಾರ್ಖಾನೆಯ ಗೇಟಿನಲ್ಲಿ ಗೆದ್ದದ್ದನ್ನು ಮನೆಯ ಜಗಲಿಯಲ್ಲಿ ಸೋಲುವುದಾದರೆ ಆ ಗೆಲುವಿನಿಂದ ಏನು ಬಂತು?

ಕಾನೂನು ಬರುವ ತನಕ ಏನು ಮಾಡಬೇಕು?

ಕಾನೂನು ಮಾಡುವುದು ವಿಧಾನಸಭೆ. ಅದು ಏಳುವ ತನಕ ಮಳೆ ಕಾಯುವುದಿಲ್ಲ. ಆದ್ದರಿಂದ ಇಂದಿನಿಂದಲೇ ಮಾಡಬೇಕಾದ್ದನ್ನು ಹೇಳುತ್ತೇವೆ. ಒಂದು ಹಾಳೆಯಲ್ಲಿ, ತಿಳಿಗನ್ನಡದಲ್ಲಿ, ಈ ಹತ್ತು ಸಂಗತಿಗಳು ಇರಲಿ.

1. ಇಬ್ಬರ ಪೂರ್ತಿ ಹೆಸರು, ವಿಳಾಸ, ಫೋನು. ಕಂತ್ರಾಟುದಾರನ ಅಡ್ಡಹೆಸರು ಮಾತ್ರ ಸಾಲದು.

2. ಕೆಲಸ ಯಾವುದು, ಎಷ್ಟು ಅಳತೆ. "ಮಾಡು ರಿಪೇರಿ" ಎಂದರೆ ಸಾಲದು. ಹಳೆಯ ಮರ ತೆಗೆಯುವುದು, ಪಕ್ಕಾಸು ರೀಪು ಕೂರಿಸುವುದು, ಹಂಚು ಹೊದಿಸುವುದು, ಕಸ ಸಾಗಿಸುವುದು, ಹೀಗೆ ಬಿಡಿಸಿ ಬರೆಯಬೇಕು.

3. ಸಾಮಾನು ಯಾರು ತರಬೇಕು, ಯಾವ ಜಾತಿಯ ಮರ, ಯಾವ ಸಿಮೆಂಟು, ಕಬ್ಬಿಣದ ಸರಳು ಎಷ್ಟು ದಪ್ಪ.

4. ಒಟ್ಟು ಎಷ್ಟು ಹಣ, ಅಥವಾ ಅಡಿಗೆ ಎಷ್ಟು. ಅಳತೆ ಯಾರ ಮುಂದೆ ಆಗಬೇಕು.

5. ಹಣ ಯಾವ ಹಂತದಲ್ಲಿ ಎಷ್ಟು. ಮುಂಗಡ ಹತ್ತರಲ್ಲೊಂದು ಪಾಲು ಮೀರದಿರಲಿ. ಸಾಮಾನಿಗೆ ಹೆಚ್ಚು ಬೇಕೆಂದರೆ ಮನೆಯವರೇ ಅಂಗಡಿಗೆ ನೇರ ಕೊಟ್ಟು ಬಿಲ್ಲು ಪಡೆಯಲಿ. ಕೊನೆಯ ಹತ್ತರಲ್ಲೊಂದು ಪಾಲನ್ನು ಮೊದಲ ದೊಡ್ಡ ಮಳೆ ನೋಡಿದ ಮೇಲೆ ಕೊಡುವುದೆಂದು ಬರೆಯಿರಿ.

6. ಶುರುವಾಗುವ ದಿನ, ಮುಗಿಯುವ ದಿನ. ತಡವಾದರೆ ದಿನಕ್ಕೆ ಇಷ್ಟು ಕಡಿತ. ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ ಹೀಗೆ ಬರೆದ ಮೊತ್ತದ ಮಿತಿಯೊಳಗೆ ನ್ಯಾಯವಾದ ಪರಿಹಾರವನ್ನು ಕೋರ್ಟು ಕೊಡಿಸಬಹುದು. ಬಾಯಿಗೆ ಬಂದ ಹಾಗೆ ದೊಡ್ಡ ದಂಡ ಬರೆದರೆ ಅಷ್ಟೂ ಸಿಗುವುದಿಲ್ಲ.

7. ಹೆಚ್ಚುವರಿ ಕೆಲಸವಿದ್ದರೆ ಅದರ ದರವನ್ನು ಬೇರೆ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ ಮೇಲೆಯೇ ಕೈ ಹಚ್ಚಬೇಕು. ಬೆಳ್ತಂಗಡಿಯ ಅಂಗಡಿಯವರನ್ನು ಇದೊಂದು ಸಾಲು ಕಾಪಾಡುತ್ತಿತ್ತು.

8. ಕೆಲಸಗಾರರ ಕೂಲಿ ಯಾರು, ಯಾವಾಗ ಕೊಡಬೇಕು. ಮಾಡಿನಿಂದ ಬಿದ್ದು ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು.

9. ಕೆಲಸ ಮುಗಿದ ಮೇಲೆ ಎಷ್ಟು ಕಾಲದೊಳಗೆ ದೋಷ ಕಂಡರೆ ಬಿಟ್ಟಿಯಾಗಿ ಸರಿಮಾಡಿ ಕೊಡಬೇಕು.

10. ಎರಡು ಪ್ರತಿ, ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು, ತಾರೀಕು. ಛಾಪಾ ಕಾಗದ ಎಷ್ಟರದ್ದು ಬೇಕೆಂದು ಪತ್ರ ಬರೆಯುವವರಲ್ಲಿ ವಿಚಾರಿಸಿ. ಸರಿಯಾದ ಛಾಪೆಯಿಲ್ಲದ ಕರಾರನ್ನು ಕೋರ್ಟಿನಲ್ಲಿ ಮುಂದಿಡುವಾಗ ಶುಲ್ಕವನ್ನೂ ದಂಡವನ್ನೂ ಕಟ್ಟಬೇಕಾದೀತು.

ಒಂದು ಎಚ್ಚರಿಕೆ. ಕಾಗದ ಎರಡು ಬಾಯಿಯ ಕತ್ತಿ. ಒಮ್ಮೆ ಬರೆದು ಸಹಿ ಹಾಕಿದ ಮೇಲೆ, "ಬರೆದದ್ದು ಹಾಗೆ, ಮಾತಾದದ್ದು ಹೀಗೆ" ಎಂದರೆ ಕೋರ್ಟು ಸಾಮಾನ್ಯವಾಗಿ ಕೇಳುವುದಿಲ್ಲ. ಆದ್ದರಿಂದ ಓದದೆ ಸಹಿ ಬೇಡ, ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ. ಓದಲು ಬಾರದವರು ಮನೆಯ ಶಾಲೆಗೆ ಹೋಗುವ ಮಗುವಿನಿಂದ ಗಟ್ಟಿಯಾಗಿ ಓದಿಸಿ ಕೇಳಲಿ. ಹಣ ಕೊಟ್ಟಾಗಲೆಲ್ಲ ರಶೀದಿ ಪಡೆಯಿರಿ. ಬ್ಯಾಂಕಿನಿಂದಲೋ ಮೊಬೈಲಿನಿಂದಲೋ ಕಳಿಸಿದರೆ ಅದರ ದಾಖಲೆ ಉಳಿಯುತ್ತದೆ. ಫೋನಿನಲ್ಲಿ ಬರೆದು ಕಳಿಸಿದ ಮಾತನ್ನೂ ಅಳಿಸಬೇಡಿ, ಅದೂ ಸಾಕ್ಷ್ಯವಾಗುತ್ತದೆ.

ಇಷ್ಟಾಗಿಯೂ ಮೋಸವಾದರೆ? ದಾರಿ ಇದೆ. ಮನೆ ಕಟ್ಟುವ ಕೆಲಸವೂ ಗ್ರಾಹಕ ಕಾನೂನಿನ ಅರ್ಥದಲ್ಲಿ ಒಂದು ಸೇವೆಯೆಂದು 1993ರ ತಿದ್ದುಪಡಿಯೂ ಅದೇ ವರ್ಷದ ಸುಪ್ರೀಂ ಕೋರ್ಟಿನ ಲಖನೌ ಅಭಿವೃದ್ಧಿ ಪ್ರಾಧಿಕಾರದ ತೀರ್ಪೂ ಸ್ಪಷ್ಟ ಮಾಡಿದವು. ಈಗ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. 2020ರ ಜುಲೈಯಿಂದ ಜಾರಿಯಲ್ಲಿದೆ. ಮಾಡಿದ ಸೇವೆಗೆ ನಿಯಮದಂತೆ ಬಿಲ್ಲು ಅಥವಾ ರಶೀದಿ ಕೊಡದಿರುವುದನ್ನೇ ಈ ಕಾಯಿದೆ ಅನುಚಿತ ವ್ಯಾಪಾರದ ಪಟ್ಟಿಗೆ ಸೇರಿಸಿದೆ. ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಾದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. "ನಾಡಿದ್ದು ಬರುತ್ತೇನೆ" ಎಂಬ ಮಾತನ್ನು ನಂಬಿ ಕೂತರೆ ಆ ಎರಡು ವರ್ಷ ಕಳೆದುಹೋಗುತ್ತದೆ. ಅಂಗಡಿಯ ಕೆಲಸವಾದರೆ ಮಾತ್ರ ಜಾಗ್ರತೆ. ಇದು ವ್ಯಾಪಾರದ ಉದ್ದೇಶ, ನೀವು ಗ್ರಾಹಕರಲ್ಲ ಎಂಬ ತಕರಾರು ಎದುರಿನಿಂದ ಬರಬಹುದು. ಆಗ ಸಿವಿಲ್ ಕೋರ್ಟೇ ಗತಿ, ಅಲ್ಲಿಗೆ ಅವಧಿ 3 ವರ್ಷ. ಆದ್ದರಿಂದ ಸಣ್ಣ ವ್ಯಾಪಾರಿಗಳಿಗೆ ಕಾಗದ ಮನೆಯವರಿಗಿಂತಲೂ ಹೆಚ್ಚು ಅಗತ್ಯ.

ನಮ್ಮ ಬೇಡಿಕೆಗಳು

ಕರಾರುಗಳ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ರಾಜ್ಯವೂ ಕಾನೂನು ಮಾಡಬಹುದು. "ಅದು ದಿಲ್ಲಿಯ ವಿಷಯ" ಎಂದು ಬೆಂಗಳೂರಿನವರು ಕೈತೊಳೆದುಕೊಳ್ಳುವಂತಿಲ್ಲ. 1872ರ ಕಾಯಿದೆಯೂ ಅಡ್ಡ ಬರುವುದಿಲ್ಲ. ಕೆಲವು ಕರಾರುಗಳು ಬರಹದಲ್ಲೇ ಇರಬೇಕೆಂದು ಬೇರೆ ಕಾನೂನು ಹೇಳಿದರೆ ಅದು ನಡೆಯುತ್ತದೆಂದು ಅದರ 10ನೇ ಕಲಮೇ ಒಪ್ಪಿಕೊಂಡಿದೆ. ಆದ್ದರಿಂದ ನಾವು ಕೇಳುತ್ತೇವೆ:

ಗೊತ್ತಾದ ಒಂದು ಮೊತ್ತಕ್ಕೆ ಮೀರಿದ ಮನೆ ರಿಪೇರಿಗೆಲ್ಲ ಕನ್ನಡದಲ್ಲಿ ಲಿಖಿತ ಕರಾರು ಕಡ್ಡಾಯವಾಗಬೇಕು. ಬರೆದು ಕೊಡುವ ಹೊಣೆ ಕಂತ್ರಾಟುದಾರನ ಮೇಲಿರಬೇಕು, ಕಾಗದ ಇಲ್ಲವೆಂಬ ಕಾರಣಕ್ಕೆ ಮನೆಯವರ ಹಕ್ಕಾಗಲಿ ಕೂಲಿಕಾರನ ಸಂಬಳವಾಗಲಿ ಮುಳುಗಬಾರದು. ಫ್ಲ್ಯಾಟು ಕೊಳ್ಳುವವನಿಗೆ ಇರುವ ನೂರಕ್ಕೆ 10ರ ಮುಂಗಡದ ಮಿತಿ ಬಡವನ ಮಾಡಿಗೂ ಬರಬೇಕು. ಖಾಸಗಿ ಮನೆ ಕೆಲಸದ ಕಂತ್ರಾಟುದಾರರ ನೋಂದಣಿ ಆಗಬೇಕು. ಕರಾರಿನ ಮಾದರಿ ಅಚ್ಚು ಹಾಕಿಸಿ ಪ್ರತಿ ಗ್ರಾಮ ಪಂಚಾಯತಿನಲ್ಲಿ, ಬಂಟ್ವಾಳ ಮತ್ತು ಮೂಡುಬಿದಿರೆಯ ಪುರಸಭೆಗಳಲ್ಲಿ, ಬೆಳ್ತಂಗಡಿಯ ಪಟ್ಟಣ ಪಂಚಾಯತಿನಲ್ಲಿ ಉಚಿತವಾಗಿ ಸಿಗಬೇಕು. ಕೊನೆಯ ಈ ಕೆಲಸಕ್ಕೆ ಹೊಸ ಕಾನೂನೂ ಬೇಡ. ಒಂದು ನಿರ್ಣಯ ಸಾಕು, ಒಂದು ರೀಮು ಕಾಗದ ಸಾಕು. ನಮ್ಮ ಪಂಚಾಯತು ಸದಸ್ಯರು ಬರುವ ಸಭೆಯಲ್ಲೇ ಇದನ್ನು ಎತ್ತಲಿ.

ಬಂಧುಗಳೇ, ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆಯನ್ನು ನಾವು ಮನೆಜಗಳದ ವಿಷಯದಲ್ಲಿ ಹೇಳುತ್ತಾ ಬಂದಿದ್ದೇವೆ. ಮನೆ ಕಟ್ಟುವ ವಿಷಯದಲ್ಲೂ ಅದು ಅಕ್ಷರಶಃ ನಿಜ. ನೇತ್ರಾವತಿ 1923ರಲ್ಲಿ ಉಕ್ಕಿ ಬಂದಾಗಲೂ, 1974ರಲ್ಲಿ ಬಂಟ್ವಾಳದ ಪೇಟೆಗೆ ನುಗ್ಗಿದಾಗಲೂ ನಮ್ಮವರು ಬಿದ್ದ ಗೋಡೆಗಳನ್ನು ಮತ್ತೆ ಎಬ್ಬಿಸಿದರು. ನೀರಿನಿಂದ ಬಿದ್ದ ಗೋಡೆಯನ್ನು ದುಡಿದು ಎಬ್ಬಿಸಬಹುದು. ಮಾತಿನಿಂದ ಬಿದ್ದ ಮನೆಯ ಸಾಲ ಮಕ್ಕಳ ತಲೆಗೆ ಬರುತ್ತದೆ.

ಈ ಸಲ ಕಂತ್ರಾಟುದಾರ ಜಗಲಿಗೆ ಬಂದಾಗ ಚಾ ಕೊಡಿ, ಎಲೆ ಅಡಿಕೆ ಕೊಡಿ, ಮರ್ಯಾದೆಯಿಂದ ಮಾತಾಡಿಸಿ. ಆಮೇಲೆ ಒಂದು ಹಾಳೆ, ಒಂದು ಪೆನ್ನು ಮುಂದಿಡಿ. ಸಹಿ ಹಾಕುವವನಿಗೆ ಕೆಲಸ ಕೊಡಿ. ಹಾಕದವನಿಗೆ ಚಾ ಮಾತ್ರ ಸಾಕು.

ಬರೆಯಲು ತಿಳಿಯದವರು ನಮ್ಮ ಕಚೇರಿಗೆ ಬನ್ನಿ. ಶಾಲೆ ಬಿಟ್ಟು ಬಂದಿದ್ದೇವೆ, ಅಕ್ಷರ ಬಿಟ್ಟಿಲ್ಲ. ಆ ಬೀಡಿ ಕಟ್ಟುವ ತಾಯಿಯ ದೂರನ್ನು ನಾವೇ ಕೂತು ಬರೆಯುತ್ತಿದ್ದೇವೆ. ಎರಡು ವರ್ಷದ ಅವಧಿ ಇನ್ನೂ ಕಳೆದಿಲ್ಲ.